ಎರಡು ಮೌನಗಳ ನಡುವಿನ ಸದ್ದು

ಕಫ್ ಸುತ್ತಿ, ಬಲ್ಬ್ ಒತ್ತಿ ಪಾದರಸವನ್ನು ಏರಿಸಿದ ಮೇಲೆ ಸ್ಟೆತಸ್ಕೋಪಿನಲ್ಲಿ ಮೊದಲಿಗೆ ಏನೂ ಕೇಳಿಸಬಾರದು. ನರ್ಸಿಂಗ್ ಶಾಲೆಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಬಿಪಿ ನೋಡುವುದನ್ನು ನಾನು ಕಲಿಸಲು ಶುರು ಮಾಡುತ್ತಿದ್ದದ್ದೇ ಇಲ್ಲಿಂದ. "ಮೇಡಂ, ಏನೂ ಕೇಳಿಸ್ತಾ ಇಲ್ಲ" ಎಂದು ಅವರು ಗಾಬರಿಯಾಗುತ್ತಿದ್ದರು. "ಕೇಳಿಸಬಾರದು ಕಣಮ್ಮ. ಕಿವಿ ಅಲ್ಲೇ ಇರಲಿ, ಸ್ಕ್ರೂ ನಿಧಾನಕ್ಕೆ ಬಿಡು" ಎನ್ನುತ್ತಿದ್ದೆ. ಪಾದರಸ ಇಳಿಯುತ್ತ ಇಳಿಯುತ್ತ ಯಾವುದೋ ಒಂದು ಗೆರೆಯ ಹತ್ತಿರ 'ಟಪ್' ಎಂದು ಮೊದಲ ಬಡಿತ ಬರುತ್ತದೆ. ಅದು ಮೇಲಿನ ಅಂಕಿ. ಬಡಿತಗಳು ಸಾಲಾಗಿ ಬಂದು, ಮೆತ್ತಗಾಗಿ, ಕೊನೆಗೆ ಇಲ್ಲವಾಗುತ್ತವೆ. ಇಲ್ಲವಾದ ಗೆರೆ ಕೆಳಗಿನ ಅಂಕಿ. ಅದರ ಕೆಳಗೆ ಮತ್ತೆ ಮೌನ.

ಈ ಎರಡು ಮೌನಗಳು ಒಂದೇ ಬಗೆಯವಲ್ಲ. ಮೊದಲನೆಯದು ರಕ್ತನಾಳ ಪೂರ್ತಿ ಮುಚ್ಚಿದ್ದರಿಂದ ಆದ ಮೌನ. ಎರಡನೆಯದು ಪೂರ್ತಿ ತೆರೆದದ್ದರಿಂದ ಆದದ್ದು. ಅಡ್ಡಿಯಿಲ್ಲದೆ ಹರಿಯುವ ರಕ್ತ ಸದ್ದು ಮಾಡುವುದಿಲ್ಲ. ಹರಿಯದೆ ನಿಂತದ್ದೂ ಮಾಡುವುದಿಲ್ಲ. ಅರ್ಧ ಒತ್ತಿಹಿಡಿದ ನಾಳದೊಳಗೆ ಪ್ರತಿ ಬಡಿತಕ್ಕೂ ರಕ್ತ ನುಗ್ಗಿ ಚಿಮ್ಮುವಾಗ ಮಾತ್ರ ಸದ್ದು ಹುಟ್ಟುತ್ತದೆ. ಇಷ್ಟನ್ನು ತಿಳಿಯಲು ವೈದ್ಯಲೋಕಕ್ಕೆ ಇನ್ನೂರು ವರ್ಷಗಳ ಹತ್ತಿರ ಹತ್ತಿರ ಹಿಡಿಯಿತು. ಈಗ ಅದನ್ನು ಮರೆಯಲು ಒಂದು ತಲೆಮಾರು ಸಾಕಾಗಬಹುದೆಂಬ ಆತಂಕ ನನಗಿದೆ. ಮೊದಲು ತಾಲ್ಲೂಕು ಆಸ್ಪತ್ರೆಯ ವಾರ್ಡುಗಳಲ್ಲಿ, ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಟ್ಯೂಟರ್ ಆಗಿ ಈ ಕೆಲಸವನ್ನೇ ಮಾಡಿ ನಿವೃತ್ತಳಾದವಳು ನಾನು. ಈ ಪುಟ್ಟ ಕೌಶಲದ ಹಿಂದೆ ಯಾರು ಯಾರ ಬೆರಳು, ಯಾರು ಯಾರ ಕಿವಿ ಇದ್ದವೆಂದು ಬರೆದಿಡಬೇಕು ಅನ್ನಿಸಿತು.

ಮೊದಲು ಅಳೆದವರು ವೈದ್ಯರಲ್ಲ, ಒಬ್ಬ ಪಾದ್ರಿ. ಲಂಡನ್ನಿನ ಹತ್ತಿರದ ಟೆಡಿಂಗ್ಟನ್ ಎಂಬ ಊರಿನ ಚರ್ಚಿನಲ್ಲಿದ್ದ ಸ್ಟೀಫನ್ ಹೇಲ್ಸ್. ಗಿಡದೊಳಗೆ ನೀರು ಹೇಗೆ ಏರುತ್ತದೆಂದು ಅಳೆದ ಮನುಷ್ಯ, ಪ್ರಾಣಿಯ ಮೈಯಲ್ಲಿ ರಕ್ತ ಯಾವ ಬಲದಿಂದ ಹರಿಯುತ್ತದೆಂದೂ ನೋಡಲು ಹೊರಟರು. ಹೆಗಲ ಬಳಿ ಹುಣ್ಣಾಗಿದ್ದ ಒಂದು ಹೆಣ್ಣು ಕುದುರೆಯನ್ನು ಕೆಡವಿ, ಕಟ್ಟಿ, ತೊಡೆಯ ರಕ್ತನಾಳಕ್ಕೆ ಹಿತ್ತಾಳೆಯ ಸಣ್ಣ ಕೊಳವೆ ತೂರಿಸಿ, ಅದಕ್ಕೆ ಒಂಬತ್ತು ಅಡಿಯ ಗಾಜಿನ ಕೊಳವೆ ಜೋಡಿಸಿದರು. ರಕ್ತ ಹೃದಯದ ಮಟ್ಟದಿಂದ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ, ಬಡಿತಕ್ಕೊಮ್ಮೆ ಮೇಲೆ ಕೆಳಗೆ ಆಡುತ್ತಿತ್ತು. 1733ರಲ್ಲಿ ಇದನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ನೆರೆಯ ಟ್ವಿಕೆನ್‌ಹ್ಯಾಮ್‌ನಲ್ಲಿದ್ದ ಕವಿ ಅಲೆಕ್ಸಾಂಡರ್ ಪೋಪ್ ಹೇಲ್ಸ್ ಅವರ ಗುಣವನ್ನು ಮೆಚ್ಚಿದರೂ ಈ ಪ್ರಾಣಿಹಿಂಸೆಯನ್ನು ಒಪ್ಪಲಿಲ್ಲ. ನನಗೂ ಆ ಪುಟಗಳ ವಿವರ ಓದುವಾಗ ಸಂಕಟವಾಯಿತು. ಆದರೂ ರಕ್ತಕ್ಕೆ ಒಂದು ಒತ್ತಡವಿದೆ, ಅದನ್ನು ಅಂಕಿಯಲ್ಲಿ ಹೇಳಬಹುದು ಎಂದು ಮನುಷ್ಯ ಕಣ್ಣಾರೆ ಕಂಡದ್ದು ಅಲ್ಲಿ.

ಒಂಬತ್ತು ಅಡಿಯ ಗಾಜು ಹಿಡಿದು ಯಾರೂ ರೋಗಿಯ ಹಾಸಿಗೆಯ ಬಳಿ ಹೋಗಲಾರರು. 1828ರಲ್ಲಿ ಪ್ಯಾರಿಸ್ಸಿನ ಪ್ವಾಸೆಯ್ ರಕ್ತದ ಬದಲು ಪಾದರಸದ ಕಂಬವನ್ನು ಬಳಸಿದರು. ಪಾದರಸ ನೀರಿಗಿಂತ 13.6 ಪಟ್ಟು ತೂಕ. ನಮ್ಮ 120ರ ಒತ್ತಡವನ್ನು ರಕ್ತದ ಕಂಬದಲ್ಲೇ ತೋರಿಸಬೇಕಾದರೆ ಸುಮಾರು ಐದಡಿ ಎತ್ತರ ಬೇಕು. ಪಾದರಸಕ್ಕೆ ಗೇಣಿಗಿಂತ ಕಡಿಮೆ, 12 ಸೆಂಟಿಮೀಟರ್ ಸಾಕು. ಇವತ್ತು ಮನೆಯಲ್ಲಿಟ್ಟುಕೊಳ್ಳುವ ಡಿಜಿಟಲ್ ಯಂತ್ರದೊಳಗೆ ಒಂದು ಹನಿ ಪಾದರಸವೂ ಇಲ್ಲ. ಆದರೂ ಅದು ತೋರಿಸುವ ಅಂಕಿ ಪಾದರಸದ ಮಿಲಿಮೀಟರೇ.

ಆಗಲೂ ರಕ್ತನಾಳವನ್ನು ಕೊಯ್ಯಲೇಬೇಕಿತ್ತು. 1856ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಫೆವ್ರ್ ಎಂಬ ವೈದ್ಯರು ಕಾಲು ಕತ್ತರಿಸುವ ಶಸ್ತ್ರಕ್ರಿಯೆಯ ನಡುವೆ ಮನುಷ್ಯನ ತೊಡೆಯ ನಾಳಕ್ಕೇ ಕೊಳವೆ ಜೋಡಿಸಿ 120 ಮಿಲಿಮೀಟರ್ ಎಂದು ಓದಿದರು. ಮನುಷ್ಯನ ಬಿಪಿಯನ್ನು ನೇರವಾಗಿ ಅಳೆದದ್ದು ಅದೇ ಮೊದಲು. ಚರ್ಮದ ಹೊರಗಿನಿಂದಲೇ ಅಳೆಯಲು ಹಲವರು ಹೆಣಗಿದರು. ಕೆಲವರು ಮಣಿಕಟ್ಟಿನ ಮೇಲೆ ತೂಕ ಹೇರಿ ನಾಡಿ ನಿಲ್ಲಿಸಿ ನೋಡಿದರು. ವಿಯೆನ್ನಾದ ಫಾನ್ ಬಾಷ್ 1881ರ ಹೊತ್ತಿಗೆ ನೀರು ತುಂಬಿದ ಪುಟ್ಟ ರಬ್ಬರ್ ಚೀಲವನ್ನು ಮಣಿಕಟ್ಟಿಗೆ ಒತ್ತಿ ನೋಡಿದರು. ಒಬ್ಬರ ಕೈಯಲ್ಲಿ ಬಂದ ಅಂಕಿ ಇನ್ನೊಬ್ಬರ ಕೈಯಲ್ಲಿ ಬರುತ್ತಿರಲಿಲ್ಲ.

ದಾರಿ ತೆರೆದದ್ದು ಇಟಲಿಯ ಟ್ಯೂರಿನ್‌ನಲ್ಲಿ. 1896ರ ಡಿಸೆಂಬರಿನಲ್ಲಿ ಅಲ್ಲಿನ ವೈದ್ಯ ಪತ್ರಿಕೆಯೊಂದರಲ್ಲಿ ಸಿಪಿಯೋನೆ ರಿವಾ-ರೋಚಿ ಎಂಬ 33 ವರ್ಷದ ವೈದ್ಯರು ತಮ್ಮ ಹೊಸ ಉಪಕರಣವನ್ನು ವಿವರಿಸಿದರು. ಅದಕ್ಕೆ ಬೇಕಾದ ಸಾಮಾನು ಯಾರ ಮನೆಯಲ್ಲಾದರೂ ಸಿಗುವಂಥದ್ದು. ಒಂದು ಮಸಿದೌತಿ, ಪಾದರಸ, ಗಾಜಿನ ಕೊಳವೆ, ರಬ್ಬರ್ ಬಲ್ಬ್, ಸೈಕಲ್ಲಿನ ಟ್ಯೂಬು. ಈ ಟ್ಯೂಬಿನ ಬಗ್ಗೆ ನಿಂತು ಎರಡು ಮಾತು ಹೇಳಬೇಕು. ಬೆಲ್‌ಫಾಸ್ಟ್‌ನ ಪಶುವೈದ್ಯ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಅಂದರೆ ಎಂಟು ವರ್ಷಗಳ ಹಿಂದೆ ಲೋಕದ ಬಳಕೆಗೆ ಬಂದಿದ್ದ ಒಂದು ವಸ್ತುವನ್ನು ಆ ವೈದ್ಯರು ರೋಗಿಯ ತೋಳಿಗೆ ಸುತ್ತಿದರು. ಅದುವರೆಗಿನ ಹೆಚ್ಚಿನವರು ನಾಳದ ಮೇಲೆ ಒಂದೇ ಕಡೆ ಒತ್ತುತ್ತಿದ್ದರು. ಇವರು ತೋಳನ್ನು ಸುತ್ತಲಿನಿಂದಲೂ ಸಮವಾಗಿ ಒತ್ತಿದರು. ಕೆಳಗೆ ಮಣಿಕಟ್ಟಿನಲ್ಲಿ ಬೆರಳಿಟ್ಟು ನಾಡಿ ನಿಂತ ಗೆರೆ ಯಾವುದು, ಮರಳಿ ಬಂದ ಗೆರೆ ಯಾವುದು ಎಂದು ಪಾದರಸದಲ್ಲಿ ಓದಿದರು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಜಾಣತನದ ಹೆಜ್ಜೆ ಇದು. ಆ ಟ್ಯೂಬು ನಾಲ್ಕೈದು ಸೆಂಟಿಮೀಟರ್ ಅಗಲವಷ್ಟೇ ಇದ್ದದ್ದರಿಂದ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತಿತ್ತು. 1901ರಲ್ಲಿ ಫಾನ್ ರೆಕ್ಲಿಂಗ್‌ಹೌಸನ್ ಅದನ್ನು ಹನ್ನೆರಡು ಹದಿಮೂರು ಸೆಂಟಿಮೀಟರಿಗೆ ಅಗಲ ಮಾಡಿದರು. ನಮ್ಮ ವಾರ್ಡುಗಳಲ್ಲಿ ದೊಡ್ಡವರಿಗೆ ಸುತ್ತುವ ಕಫ್ಫಿನೊಳಗಿನ ರಬ್ಬರ್ ಚೀಲ ಇಂದಿಗೂ ಹೆಚ್ಚುಕಡಿಮೆ ಅದೇ ಅಗಲ.

ಅದೇ 1901ರಲ್ಲಿ ಅಮೆರಿಕದ ಯುವ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಯುರೋಪು ಸುತ್ತುತ್ತ ಪಾವಿಯಾಕ್ಕೆ ಬಂದರು. ಅಲ್ಲಿನ ಸ್ಯಾನ್ ಮತ್ತೆಯೊ ಆಸ್ಪತ್ರೆಯಲ್ಲಿ ಈ ಉಪಕರಣ ರೋಗಿಗಳ ಪಕ್ಕದಲ್ಲೇ ಇಟ್ಟು ದಿನಾ ಬಳಸುವುದನ್ನು ಕಂಡರು. ಅದರ ಚಿತ್ರ ಬರೆದುಕೊಂಡು ಬಾಲ್ಟಿಮೋರ್‌ಗೆ ಒಯ್ದು, ಶಸ್ತ್ರಕ್ರಿಯೆಯ ಸಮಯದಲ್ಲಿ ರೋಗಿಯ ಒತ್ತಡ ಬರೆದಿಡುವ ಪದ್ಧತಿ ಹಾಕಿದರು. ಆದರೆ ಬಾಸ್ಟನ್‌ನಲ್ಲಿ ಹಾರ್ವರ್ಡಿನ ಶಸ್ತ್ರವೈದ್ಯರು ಪರೀಕ್ಷಿಸಿ, ಪಳಗಿದ ಬೆರಳಿಗಿಂತ ಈ ಯಂತ್ರ ಹೆಚ್ಚೇನನ್ನೂ ಹೇಳದು ಎಂದು 1904ರಲ್ಲಿ ತೀರ್ಮಾನ ಕೊಟ್ಟರು. ಅವರನ್ನು ಹಿಂದುಳಿದವರೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೂರು ಬೆರಳಿಟ್ಟು ನಾಡಿ ನೋಡುತ್ತಿದ್ದ ಪಂಡಿತರ ನಾಡಿನಲ್ಲಿ ಹುಟ್ಟಿದವಳು ನಾನು. ಬೆರಳಿಗೆ ತಿಳಿಯುವುದು ಬಹಳ ಇದೆ. ತಿಳಿದದ್ದನ್ನು ಇನ್ನೊಬ್ಬರಿಗೆ ದಾಟಿಸಲು, ನಾಳೆಯದರ ಜೊತೆ ಹೋಲಿಸಲು ಮಾತ್ರ ಬೆರಳಿಗೆ ಆಗದು. ರಾತ್ರಿ ಪಾಳಿಯವಳು ಬರೆದ ಅಂಕಿಯನ್ನು ನೋಡಿ ಬೆಳಗಿನ ಪಾಳಿಯವಳು ಎಚ್ಚರಗೊಳ್ಳಬೇಕಾದರೆ ಅಂಕಿಯೇ ಬೇಕು.

ಬೆರಳಿನ ಪದ್ಧತಿಯಲ್ಲಿ ಇನ್ನೊಂದು ಕೊರತೆಯಿತ್ತು. ಮೇಲಿನ ಅಂಕಿ ಸಿಗುತ್ತಿತ್ತು, ಕೆಳಗಿನದು ಸರಿಯಾಗಿ ಸಿಗುತ್ತಿರಲಿಲ್ಲ. ಅದನ್ನು ಕೊಟ್ಟದ್ದು ರಷ್ಯದ ಒಬ್ಬ ಯುದ್ಧಭೂಮಿಯ ವೈದ್ಯರು.

ನಿಕೊಲಾಯ್ ಕೊರೊಟ್ಕಾಫ್ ಹುಟ್ಟಿದ್ದು 1874ರಲ್ಲಿ, ಕುರ್ಸ್ಕ್‌ನ ವರ್ತಕರ ಮನೆಯಲ್ಲಿ. ಮಾಸ್ಕೋದಲ್ಲಿ ವೈದ್ಯ ಪದವಿ ಪಡೆದ ಎರಡೇ ವರ್ಷಕ್ಕೆ, ಚೀನಾದಲ್ಲಿ ಬಾಕ್ಸರ್ ದಂಗೆ ಎದ್ದಾಗ, ರೆಡ್‌ಕ್ರಾಸ್ ತಂಡದ ಜೊತೆ ಹೋದರು. ಮರಳಿ ಬಂದದ್ದು ಜಪಾನ್, ಸಿಂಗಪುರ, ಸಿಂಹಳದ ಸಮುದ್ರದ ದಾರಿಯಲ್ಲಿ. 1904ರಲ್ಲಿ ರಷ್ಯ-ಜಪಾನ್ ಯುದ್ಧ ಶುರುವಾದಾಗ ಮಂಚೂರಿಯದ ಹಾರ್ಬಿನ್‌ಗೆ ಹೋದರು. ಅಲ್ಲಿಗೆ ಬರುತ್ತಿದ್ದ ಸೈನಿಕರಲ್ಲಿ ಗುಂಡು ತಾಗಿ ರಕ್ತನಾಳ ಹರಿದವರು ಬಹಳ. ಹರಿದ ನಾಳ ಕೆಲವರಲ್ಲಿ ಬಲೂನಿನಂತೆ ಉಬ್ಬಿ ಕೂತಿರುತ್ತಿತ್ತು. ಅದನ್ನು ಕಟ್ಟಿಬಿಟ್ಟರೆ ಕೈಯೋ ಕಾಲೋ ಉಳಿಯುತ್ತದೆಯೇ? ಅಕ್ಕಪಕ್ಕದ ಸಣ್ಣ ನಾಳಗಳು ಆ ಭಾಗಕ್ಕೆ ರಕ್ತ ಮುಟ್ಟಿಸುತ್ತವೆಯೇ, ಅಥವಾ ಕೊಳೆತು ಕತ್ತರಿಸಬೇಕಾಗುತ್ತದೆಯೇ? ಕೊರೊಟ್ಕಾಫ್‌ರ ತಲೆ ತುಂಬ ಇದ್ದದ್ದು ಈ ಪ್ರಶ್ನೆ. ಬಿಪಿ ಅಲ್ಲ.

ಅವರಿಗಿಂತ ಹಿಂದಿನ ತಲೆಮಾರಿನ ರಷ್ಯನ್ ಶಸ್ತ್ರವೈದ್ಯ ಪಿರೊಗೊವ್, ಅಂಥ ಉಬ್ಬಿದ ನಾಳದ ಮೇಲೆ ಕಿವಿಗೊಟ್ಟು ಕೇಳಬೇಕೆಂದು ಬರೆದಿದ್ದರು. ಕೊರೊಟ್ಕಾಫ್ ಅದನ್ನು ಪಾಲಿಸಿದರು. ನಾಳವನ್ನು ಒತ್ತಿ ರಕ್ತ ನಿಲ್ಲಿಸಿ, ಬಿಡುತ್ತ, ಮರಳಿ ಹರಿವು ಬರುವುದನ್ನು ಕೇಳುತ್ತ ಹೋದಾಗ, ಸದ್ದುಗಳು ಹುಟ್ಟುವ ಮತ್ತು ಅಡಗುವ ಕ್ರಮ ಪ್ರತಿಸಲವೂ ಒಂದೇ ಎಂದು ಅವರ ಕಿವಿಗೆ ಹೊಳೆಯಿತು.

1905ರ ನವೆಂಬರಿನಲ್ಲಿ, ಹಳೆಯ ರಷ್ಯನ್ ಪಂಚಾಂಗದ ಪ್ರಕಾರ 8ರಂದು, ಪೀಟರ್ಸ್‌ಬರ್ಗಿನ ಸೇನಾ ವೈದ್ಯಕೀಯ ಅಕಾಡೆಮಿಯ ಸಭೆಯಲ್ಲಿ ಅವರು ಇದನ್ನು ಹೇಳಿದರು. ಅಚ್ಚಾದಾಗ ಅದು ಒಂದು ಪುಟವನ್ನೂ ತುಂಬಲಿಲ್ಲ. ರಿವಾ-ರೋಚಿಯ ಕಫ್ಫನ್ನು ತೋಳಿನ ನಡುಭಾಗಕ್ಕೆ ಸುತ್ತಬೇಕು. ಕೆಳಗೆ ರಕ್ತ ನಿಲ್ಲುವಷ್ಟು ಒತ್ತಡ ಏರಿಸಬೇಕು. ಪಾದರಸವನ್ನು ಇಳಿಯಬಿಟ್ಟು, ಕಫ್ಫಿನ ಕೆಳಗಿನ ನಾಳದ ಮೇಲೆ ಮಕ್ಕಳಿಗೆ ಬಳಸುವ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ಮೊದಲು ಏನೂ ಇಲ್ಲ. ಆಮೇಲೆ ಚಿಕ್ಕ ಬಡಿತಗಳು, ಆಮೇಲೆ ಸುಯ್ಯೆನ್ನುವ ಸದ್ದು, ಮತ್ತೆ ಬಡಿತಗಳು, ಕೊನೆಗೆ ಎಲ್ಲ ಇಲ್ಲವಾಗುವುದು. ನಾನು ತರಗತಿಯಲ್ಲಿ ಹೇಳಿದ್ದಕ್ಕೂ ಅವರು ಅಂದು ಹೇಳಿದ್ದಕ್ಕೂ ವ್ಯತ್ಯಾಸವೇ ಇಲ್ಲ. ಇಷ್ಟು ವರ್ಷಗಳಲ್ಲಿ ಒಂದು ಶಬ್ದವನ್ನೂ ಬದಲಿಸಬೇಕಾಗದ ಇಂಥ ಪಾಠ ನಮ್ಮ ಪಠ್ಯಪುಸ್ತಕಗಳಲ್ಲಿ ಬೇರೊಂದನ್ನು ನಾನು ಕಂಡಿಲ್ಲ.

ಸಭೆಯಲ್ಲಿ ಆಕ್ಷೇಪ ಬಂತು. ಆ ಸದ್ದು ನಾಳದ್ದಲ್ಲ, ಹೃದಯದ ಸದ್ದೇ ಅಲ್ಲಿಯವರೆಗೆ ಕೇಳಿಸುತ್ತಿರಬೇಕು ಎಂದರು. ಕೆಲವೇ ವಾರಗಳಲ್ಲಿ ಕೊರೊಟ್ಕಾಫ್ ಪ್ರಾಣಿಗಳ ಮೇಲಿನ ಪ್ರಯೋಗಗಳೊಂದಿಗೆ ಮತ್ತೆ ಬಂದು, ಅದು ಒತ್ತಿದ ನಾಳದಲ್ಲೇ ಹುಟ್ಟುವ ಸದ್ದೆಂದು ತೋರಿಸಿದರು. ಅಕಾಡೆಮಿಯ ಹಿರಿಯ ವೈದ್ಯ ಯಾನೊವ್ಸ್ಕಿ ತಮ್ಮ ಶಿಷ್ಯರೊಂದಿಗೆ ಈ ಪದ್ಧತಿಯನ್ನು ಒರೆಗೆ ಹಚ್ಚಿ ಹರಡಿದರು. 1911ರಲ್ಲಿ ಅಮೆರಿಕದ ಗುಡ್‌ಮನ್ ಮತ್ತು ಹೊವೆಲ್ ಸದ್ದುಗಳನ್ನು ಐದು ಹಂತಗಳಾಗಿ ಎಣಿಸಿದರು. ನಾವು ಇಂದಿಗೂ ಹೇಳಿಕೊಡುವುದು ಆ ಐದು ಹಂತ.

ಕೊರೊಟ್ಕಾಫ್ ಮಾತ್ರ ತಮ್ಮ ಹಳೆಯ ಪ್ರಶ್ನೆಗೇ ಮರಳಿದರು. ಸೈಬೀರಿಯಾದ ದೂರದ ಜಿಲ್ಲೆಯಲ್ಲಿ ವೈದ್ಯರಾಗಿದ್ದು, 1910ರಲ್ಲಿ ಡಾಕ್ಟರೇಟಿಗೆ ಬರೆದದ್ದು ಪಕ್ಕದ ಸಣ್ಣ ನಾಳಗಳು ಅಂಗವನ್ನು ಉಳಿಸುವ ಬಗೆಯನ್ನೇ. ಆಮೇಲೆ ಲೇನಾ ನದಿಯ ಚಿನ್ನದ ಗಣಿಗಳ ಕೂಲಿಕಾರರಿಗೆ ವೈದ್ಯರಾದರು. 1912ರಲ್ಲಿ ಅಲ್ಲಿ ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿದ್ದನ್ನು ಕಂಡರು. ಮಹಾಯುದ್ಧದಲ್ಲಿ ಅಂಗಹೀನರಾದ ಸೈನಿಕರನ್ನು ನೋಡಿಕೊಂಡರು. 1920ರಲ್ಲಿ, 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೂಲಿಕಾರರ, ಗಾಯಾಳುಗಳ ಹಾಸಿಗೆಯ ಪಕ್ಕದಲ್ಲೇ ಬಾಳು ಕಳೆದ ಈ ಮನುಷ್ಯನ ಹೆಸರನ್ನು ನನ್ನ ವಿದ್ಯಾರ್ಥಿನಿಯರು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದರು. ಅವರ ಜೀವನದ ಕಥೆಯನ್ನೂ ಹೇಳಿದ ಮೇಲೆ ಆ ಹುಡುಗಿಯರು ಸ್ಟೆತಸ್ಕೋಪ್ ಹಿಡಿಯುವ ರೀತಿಯೇ ಬೇರೆಯಾಗುತ್ತಿತ್ತು.

ಅಳೆಯುವುದು ಗೊತ್ತಾಯಿತು, ಆದರೆ ಇಳಿಸುವುದು ಗೊತ್ತಿರಲಿಲ್ಲ. ಏರಿದ ಬಿಪಿ ವಯಸ್ಸಾದ ದೇಹಕ್ಕೆ ಬೇಕಾದದ್ದೇ, ಇಳಿಸಿದರೆ ಅಪಾಯ ಎಂದು 1930ರ ದಶಕದ ದೊಡ್ಡ ದೊಡ್ಡ ಹೃದಯವೈದ್ಯರೂ ನಂಬಿದ್ದರು. ಬಿಪಿ ಏರಿದವರು ಬೇಗ ಸಾಯುತ್ತಾರೆಂದು ಮೊದಲು ಕಂಡುಕೊಂಡವರು ಅಮೆರಿಕದ ಜೀವವಿಮೆ ಕಂಪನಿಯವರು. ಅವರಿಗೆ ಸಾವಿನ ಲೆಕ್ಕ ಬೇಕಿತ್ತಲ್ಲ. ಅಧ್ಯಕ್ಷ ರೂಸ್‌ವೆಲ್ಟ್‌ರನ್ನು 1944ರ ಮಾರ್ಚಿನಲ್ಲಿ ಪರೀಕ್ಷಿಸಿದ ಹೃದಯತಜ್ಞ ಬ್ರೂಯೆನ್ ಬರೆದುಕೊಂಡ ಅಂಕಿ 186/108. ಮುಂದಿನ ವರ್ಷ ಏಪ್ರಿಲ್ 12ರಂದು, ತಲೆ ಸಿಡಿಯುತ್ತಿದೆ ಎಂದು ರೂಸ್‌ವೆಲ್ಟ್ ಕುಸಿದಾಗ ನೋಡಿದ್ದು 300/190. ಪಾದರಸದ ಗಾಜಿನ ಮೇಲೆ ಗೆರೆಗಳು ಮುಗಿಯುವುದೇ 300ಕ್ಕೆ. ಲೋಕದ ಅತ್ಯಂತ ಬಲಶಾಲಿ ದೇಶದ ಅಧ್ಯಕ್ಷರ ಬಿಪಿಯನ್ನು ವೈದ್ಯರು ನೋಡುತ್ತಲೇ ಇದ್ದರು. ಇಳಿಸಲು ಅವರ ಕೈಯಲ್ಲಿ ತಕ್ಕ ಔಷಧ ಇರಲಿಲ್ಲ.

ಆ ಔಷಧದ ಒಂದು ಎಳೆ ನಮ್ಮ ಕಡೆಯದು. ಹಾವು ಕಚ್ಚಿದರೆ, ತಲೆ ಕೆಟ್ಟರೆ ಕೊಡುತ್ತಿದ್ದ ಸರ್ಪಗಂಧದ ಬೇರಿನ ಬಗ್ಗೆ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬಯಿಯ ಹೃದಯವೈದ್ಯ ರುಸ್ತುಂ ಜಾಲ್ ವಕೀಲ್ ಅದನ್ನು ಬಿಪಿ ರೋಗಿಗಳಿಗೆ ಕೊಟ್ಟು, ವಾರವಾರ ಒತ್ತಡ ಇಳಿದ ಲೆಕ್ಕವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಲೋಕ ಕಿವಿಗೊಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಅದರಿಂದ ಕೆಲವರಿಗೆ ಮನಸ್ಸು ಕುಗ್ಗುತ್ತಿತ್ತು, ಮೇಲಾಗಿ ಉತ್ತಮ ಔಷಧಗಳು ಬಂದವು, ಅದು ಹಿಂದೆ ಸರಿಯಿತು. ನಮ್ಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಈ ಗಿಡ ಬೇರಿಗಾಗಿ ಕಿತ್ತು ಕಿತ್ತು ಅಪರೂಪವಾಗಿದೆ. ವಕೀಲ್ ಅವರ ಪ್ರಬಂಧದಲ್ಲಿದ್ದ ಒಂದೊಂದು ಅಂಕಿಯನ್ನೂ ಯಾರೋ ಹಾಸಿಗೆಯ ಪಕ್ಕ ಕೂತು ಕೇಳಿಯೇ ಬರೆದದ್ದು ಎಂಬುದನ್ನು ಮರೆಯಬಾರದು.

ಮೊದಮೊದಲು ವೈದ್ಯರು ಮಾತ್ರ ಮಾಡುತ್ತಿದ್ದ ಈ ಕೆಲಸ ಕ್ರಮೇಣ ನರ್ಸುಗಳ ಕೈಗೆ ಬಂತು. ನಾನು ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಡೀ ಹೆಣ್ಣುಮಕ್ಕಳ ವಾರ್ಡಿಗೆ ಒಂದೇ ಬಿಪಿ ಆಪರೇಟಸ್. ಮುಚ್ಚಳ ಎತ್ತಿದರೆ ಗಾಜಿನ ಕೊಳವೆ ನೆಟ್ಟಗೆ ನಿಲ್ಲುತ್ತಿತ್ತು. ಕೆಲಸ ಮುಗಿದ ಮೇಲೆ ಪೆಟ್ಟಿಗೆಯನ್ನು ಓರೆ ಮಾಡಿ, ಪಾದರಸವೆಲ್ಲ ಕೆಳಗಿನ ಬುಡ್ಡಿಗೆ ಇಳಿದ ಮೇಲೆ ಸಣ್ಣ ಕೀಲಿ ತಿರುಗಿಸಿ ಮುಚ್ಚಬೇಕು. ಮರೆತು ಹಾಗೇ ಎತ್ತಿಟ್ಟರೆ ಪಾದರಸ ಸೋರಿ, ಸೊನ್ನೆಯಲ್ಲಿ ನಿಲ್ಲಬೇಕಾದದ್ದು ಸೊನ್ನೆಗಿಂತ ಕೆಳಗೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ನೋಡಿದವರದ್ದೆಲ್ಲ ಕಡಿಮೆ ಬಿಪಿ. ಹಳೆಯ ಕಫ್ಫುಗಳಿಗೆ ಅಂಟುಪಟ್ಟಿ ಇರಲಿಲ್ಲ. ಉದ್ದನೆಯ ಬಟ್ಟೆಯ ಬಾಲವನ್ನು ಸುತ್ತಿ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಬೇಕಿತ್ತು. ರಬ್ಬರು ಬಿಸಿಲಿಗೆ ಬಿರುಕು ಬಿಡುತ್ತಿತ್ತು. ಪಾದರಸ ಹಳತಾದಂತೆ ಗಾಜಿನೊಳಗೆ ಕಪ್ಪು ಕಟ್ಟುತ್ತಿತ್ತು. ಆಪರೇಟಸ್ ರಿಪೇರಿಗೆ ಜಿಲ್ಲಾ ಕೇಂದ್ರಕ್ಕೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆಗ ಪಕ್ಕದ ವಾರ್ಡಿನಿಂದ ಕಡ ತರುವುದು.

ಎಲ್ಲಕ್ಕಿಂತ ಹೆಚ್ಚು ನಾನು ನೋಡಿದ್ದು ಬಸುರಿ ಹೆಣ್ಣುಮಕ್ಕಳ ಬಿಪಿ. ಹಳ್ಳಿಯಿಂದ ಬಸ್ಸಿಳಿದು, ಬಿಸಿಲಲ್ಲಿ ನಡೆದು ಬಂದವಳನ್ನು ಕೂರಿಸಿ ತಕ್ಷಣ ಕಫ್ ಸುತ್ತಬಾರದು. ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಸರೆ ಇರಬೇಕು, ಕಾಲಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟಕ್ಕೆ ಬರಬೇಕು. ರವಿಕೆಯ ತೋಳು ಬಿಗಿಯಾಗಿದ್ದರೆ ಮೇಲಕ್ಕೆ ಸರಿಸಿದರೆ ಸಾಲದು, ಕಳಚಬೇಕು. ಈ ಐದು ನಿಮಿಷದಲ್ಲಿ ಅವರು ಮಾತಾಡುತ್ತಿದ್ದರು. "ಅಕ್ಕಾ, ಎರಡು ದಿನದಿಂದ ತಲೆನೋವು, ಕಣ್ಣು ಮಂಜುಮಂಜು" ಎಂಬ ಮಾತು ಬರುತ್ತಿದ್ದದ್ದು ಆಗಲೇ. ಕಾಲಿನ ಊತ ಕಾಣುತ್ತಿದ್ದದ್ದು ಆಗಲೇ. ಮೇಲಿನದು 160, ಕೆಳಗಿನದು 110 ಬಂದರೆ ಕೈ ನಡುಗುತ್ತಿತ್ತು, ಡಾಕ್ಟರನ್ನು ಕರೆಯಲು ಓಡುತ್ತಿದ್ದೆವು. ಗರ್ಭನಂಜು ಫಿಟ್ಸ್‌ಗೆ ತಿರುಗುವ ಮೊದಲೇ ಹಿಡಿಯಲು ಆಗ ನಮ್ಮ ಬಳಿ ಇದ್ದದ್ದು ಆ ಕಫ್ಫು ಮತ್ತು ಮೂತ್ರ ಕಾಯಿಸಿ ನೋಡುವ ಒಂದು ಟೆಸ್ಟ್‌ಟ್ಯೂಬು ಅಷ್ಟೇ. ಕೆಲವು ಬಸುರಿಯರಲ್ಲಿ ಸದ್ದು ಸೊನ್ನೆಯವರೆಗೂ ಅಡಗುವುದೇ ಇಲ್ಲ. ಅಂಥವರಲ್ಲಿ ಸದ್ದು ಮೆತ್ತಗಾದ ಗೆರೆಯನ್ನೇ ಕೆಳಗಿನ ಅಂಕಿ ಎಂದು ಬರೆಯಬೇಕು. ಎಲ್ಲಿ ಮೆತ್ತಗಾಯಿತೆಂದು ನಿರ್ಧರಿಸುವುದು ಕಿವಿ ಮಾತ್ರ.

ಬೆರಳನ್ನೂ ನಾವು ಬಿಟ್ಟಿರಲಿಲ್ಲ. ಮೊದಲು ಮಣಿಕಟ್ಟಿನ ನಾಡಿ ಹಿಡಿದು, ಅದು ಮಾಯವಾದ ಗೆರೆಯಿಂದ ಮೂವತ್ತು ಮಿಲಿಮೀಟರ್ ಮೇಲಕ್ಕೆ ಏರಿಸಿ, ಆಮೇಲೆ ಸ್ಟೆತಸ್ಕೋಪ್ ಇಡಬೇಕು. ಬಿಪಿ ಬಹಳ ಏರಿದ ಕೆಲವರಲ್ಲಿ ಸದ್ದು ಮೇಲೆ ಒಮ್ಮೆ ಕೇಳಿಸಿ, ನಡುವೆ ಮಾಯವಾಗಿ, ಕೆಳಗೆ ಮತ್ತೆ ಬರುತ್ತದೆ. ಬೆರಳಿಡದೆ ಅವಸರದಲ್ಲಿ 150ರವರೆಗಷ್ಟೇ ಏರಿಸಿದವರು ಆ ನಡುವಿನ ಮೌನವನ್ನೇ ಮೊದಲನೆಯ ಮೌನವೆಂದು ತಿಳಿದು, 200 ಇದ್ದವರಿಗೆ 140 ಎಂದು ಬರೆದುಬಿಡುತ್ತಾರೆ. ರಿವಾ-ರೋಚಿಯ ಬೆರಳು ಮತ್ತು ಕೊರೊಟ್ಕಾಫ್‌ರ ಕಿವಿ ಎರಡೂ ಬೇಕು ಎಂದು ನಾನು ಹಟ ಹಿಡಿಯುತ್ತಿದ್ದದ್ದು ಇದಕ್ಕೆ.

ಈ ಪದ್ಧತಿಯ ದೊಡ್ಡ ದೋಷ ನೋಡುವವರಲ್ಲೇ ಇದೆ. ಪಾದರಸದ ಗೆರೆಗಳು ಎರಡೆರಡು ಮಿಲಿಮೀಟರಿಗೆ ಒಂದು. ಆದರೆ ಕೇಸ್‌ಶೀಟು ತೆರೆದರೆ 120/80, 130/80, 140/90. ಎಲ್ಲವೂ ಸೊನ್ನೆಯಲ್ಲೇ ಮುಗಿಯುತ್ತವೆ. 1960ರ ದಶಕದಲ್ಲಿ ಲಂಡನ್ನಿನ ಜೆಫ್ರಿ ರೋಸ್ ಮತ್ತು ಸಂಗಡಿಗರು ಇದನ್ನು ತಡೆಯಲೆಂದೇ ಪಾದರಸ ಕಣ್ಣಿಗೆ ಕಾಣದ ಉಪಕರಣ ಮಾಡಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು, ಅಂಕಿ ಆಮೇಲೆ ಓದಬೇಕು. ನಮ್ಮಲ್ಲಿ ಅದಕ್ಕಿಂತ ಕೆಟ್ಟದ್ದನ್ನು ನಾನು ಕಂಡಿದ್ದೇನೆ. ನಾನಿದ್ದ ಒಂದು ಕಡೆ, ಕಫ್ ಸುತ್ತದೆಯೇ ಇಡೀ ಸಾಲಿನ ಹಾಸಿಗೆಗಳಿಗೆ 120/80 ಬರೆದ ಶೀಟುಗಳು ಸಿಕ್ಕವು. ಕೆಲಸದ ಹೊರೆ ನನಗೆ ಗೊತ್ತಿಲ್ಲದ್ದಲ್ಲ. ಆದರೂ ನೋಡದೆ ಬರೆದ ಅಂಕಿ ರೋಗಿಗೆ ಮಾಡಿದ ದ್ರೋಹ ಎಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಪಾದರಸ ಹೋಗಬೇಕಾದದ್ದೇ. ಕೊಳವೆ ಒಡೆದಾಗ ನೆಲದ ಮೇಲೆ ಮಣಿಗಳಾಗಿ ಓಡುವ ಪಾದರಸವನ್ನು ಹುಡುಗಿಯರು ಕಾಗದದಲ್ಲಿ ಒಟ್ಟುಗೂಡಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದು ವಿಷವೆಂದು ಆಗ ನಮಗೆ ಯಾರೂ ಒತ್ತಿ ಹೇಳಿರಲಿಲ್ಲ. ಜಪಾನಿನ ಮಿನಮಾತದಲ್ಲಿ ಪಾದರಸ ಸೇರಿದ ಮೀನು ತಿಂದ ಜನರ ನರಗಳು ಕೆಟ್ಟದ್ದು 1956ರಲ್ಲಿ ಬೆಳಕಿಗೆ ಬಂತು. ನಮ್ಮ ನೆರೆಯ ಕೊಡೈಕನಾಲ್‌ನಲ್ಲಿ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಕಸದ ಕಾರಣಕ್ಕೆ 2001ರಲ್ಲಿ ಮುಚ್ಚಿತು. 2013ರ ಮಿನಮಾತ ಒಪ್ಪಂದ ಪಾದರಸದ ಬಿಪಿ ಉಪಕರಣಗಳ ತಯಾರಿಕೆ ಮತ್ತು ವ್ಯಾಪಾರವನ್ನು ನಿಲ್ಲಿಸಲು 2020ರ ಗಡುವು ಹಾಕಿತು. 2018ರಲ್ಲಿ ಅದನ್ನು ಅನುಮೋದಿಸಿದ ಭಾರತ 2025ರವರೆಗೆ ಕಾಲಾವಕಾಶ ಕೇಳಿ ಪಡೆಯಿತು.

ಪಾದರಸದ ಜೊತೆಗೆ ಕಿವಿಯೂ ಹೋಗಬೇಕೆಂದು ಮಾತ್ರ ಯಾವ ಒಪ್ಪಂದವೂ ಹೇಳಿಲ್ಲ. ಮುಳ್ಳಿನ ಗಡಿಯಾರದಂಥ ಆನಿರಾಯ್ಡ್ ಉಪಕರಣ ಇದೆ, ಅದನ್ನು ಆಗಾಗ ತಾಳೆ ನೋಡಿ ಸರಿಪಡಿಸುತ್ತಿದ್ದರೆ ಕೇಳುವ ಪದ್ಧತಿ ಹಾಗೇ ನಡೆಯುತ್ತದೆ. ಡಿಜಿಟಲ್ ಯಂತ್ರ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಕಫ್ಫಿನೊಳಗಿನ ಗಾಳಿಯ ಕಂಪನವನ್ನು ಹಿಡಿದು, ಕಂಪನ ಹೆಚ್ಚಾದ ಕಡೆಯಿಂದ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕದ ಸೂತ್ರ ತಯಾರಿಸಿದ ಕಂಪನಿಗಷ್ಟೇ ಗೊತ್ತು. ಮನೆಯಲ್ಲಿ ದಿನಾ ನೋಡಿಕೊಳ್ಳುವವರಿಗೆ, ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರಿಗೆ ಅದು ದೊಡ್ಡ ಉಪಕಾರ. ಸೊನ್ನೆಯ ಚಟವೂ ಅದಕ್ಕಿಲ್ಲ. ಆದರೆ ನಾಡಿ ತಾಳ ತಪ್ಪಿ ಬಡಿಯುವವರಲ್ಲಿ, ಗರ್ಭನಂಜು ಇರುವವರಲ್ಲಿ ಅದು ತಪ್ಪಬಹುದು. ಗರ್ಭನಂಜಿನಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸುವುದೂ ಉಂಟು. ಯಾರಿಗೆ ಸರಿಯಾದ ಅಂಕಿ ಹೆಚ್ಚು ಬೇಕೋ ಅವರಲ್ಲೇ ಹೀಗಾಗುತ್ತದೆ.

ಈಗಿನ ಹುಡುಗಿಯರಿಗೆ ಕೈಯಲ್ಲಿ ನೋಡುವುದನ್ನು ಒಂದು ಪ್ರಾಕ್ಟಿಕಲ್ ಪರೀಕ್ಷೆಯ ಮಟ್ಟಿಗೆ ಕಲಿಸಿ ಬಿಡುವ ಕಡೆಗಳಿವೆ. ನರ್ಸಿಂಗ್ ಶಾಲೆಗಳ ಟ್ಯೂಟರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಎರಡು ಜೊತೆ ಕಿವಿಗೊಳವೆ ಇರುವ ಕಲಿಕೆಯ ಸ್ಟೆತಸ್ಕೋಪನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ವಿದ್ಯಾರ್ಥಿನಿಯ ಜೊತೆ ನೀವೂ ಅದೇ ಸದ್ದು ಕೇಳಿ, ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಅಂಕಿ ಬರೆದು ತಾಳೆ ನೋಡಿ. ಇದು ಹಳೆಯ ಕಾಲದ ಅಭ್ಯಾಸವಲ್ಲ. ಇವತ್ತು ಮಾರುಕಟ್ಟೆಗೆ ಬರುವ ಹೊಸ ಡಿಜಿಟಲ್ ಯಂತ್ರ ನಿಜ ಹೇಳುತ್ತದೆಯೇ ಎಂದು ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪರೀಕ್ಷಿಸುವುದೂ ಹೀಗೆಯೇ. ಪಳಗಿದ ಇಬ್ಬರು ಒಂದೇ ತೋಳಿನ ಸದ್ದನ್ನು ಸ್ಟೆತಸ್ಕೋಪಿನಲ್ಲಿ ಕೇಳಿ, ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣದಂತೆ ಬರೆಯುತ್ತಾರೆ. ಅವರಿಬ್ಬರೂ ಒಪ್ಪಿದ ಅಂಕಿಯ ಎದುರು ಯಂತ್ರದ ಅಂಕಿಯನ್ನು ಇಟ್ಟು ನೋಡಲಾಗುತ್ತದೆ.